ತಲೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಶಾಂಪೂ, ಸ್ಯಾಶೆ ಮತ್ತು ಹೊಳೆಯ ಲೆಕ್ಕ

ತೀರ್ಥಕ್ಷೇತ್ರಗಳ ನದಿ, ಕೆರೆ, ಕಲ್ಯಾಣಿಗಳ 500 ಮೀಟರ್ ಆಸುಪಾಸಿನಲ್ಲಿ ಸೋಪು, ಶಾಂಪೂ ಮಾರುವುದನ್ನು ನಿಲ್ಲಿಸಬೇಕು ಎಂದು 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಸುದ್ದಿ ಓದಿದ ಯಾರಿಗಾದರೂ ಒಂದು ಅನುಮಾನ ಬರುವುದು ಸಹಜ. ಊರೂರಿನ ಚರಂಡಿ, ಕಾರ್ಖಾನೆಗಳ ಕೊಳಚೆ ನದಿಗೆ ಸೇರುತ್ತಿರುವಾಗ, ಎರಡು ರೂಪಾಯಿಯ ಶಾಂಪೂ ಪ್ಯಾಕೆಟ್ಟಿನಿಂದ ಹೊಳೆಗೆ ಆಗುವುದಾದರೂ ಏನು?

ಉತ್ತರ ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಒಂದೇ ಪ್ಯಾಕೆಟ್ ಶಾಂಪೂ ಒಂದು ಕಡೆ ಏನೂ ಮಾಡದು, ಇನ್ನೊಂದು ಕಡೆ ಮೀನಿನ ಕಿವಿರನ್ನೇ ಸುಡುತ್ತದೆ. ಯಾವ ಕಂಪನಿಯದು, ಯಾವ ಗಿಡಮೂಲಿಕೆ ಹಾಕಿದ್ದಾರೆ ಎಂಬುದಕ್ಕಿಂತ, ತಲೆ ತೊಳೆದ ನೀರು ಯಾವ ದಾರಿ ಹಿಡಿಯುತ್ತದೆ ಎಂಬುದೇ ಇಲ್ಲಿ ಮುಖ್ಯ. ಅದನ್ನು ತಿಳಿಯಲು ಬಾಟಲಿಯೊಳಗಿಂದಲೇ ಶುರುಮಾಡಬೇಕು.

ಬಾಟಲಿಯೊಳಗೆ ಇರುವುದೇನು

ಶಾಂಪೂವಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ನೀರು. ಸಾಮಾನ್ಯವಾಗಿ ನೂರಕ್ಕೆ 70ರಿಂದ 80 ಭಾಗ. ಉಳಿದದ್ದರಲ್ಲಿ ಕೊಳೆ ತೆಗೆಯುವ ಕೆಲಸ ಮಾಡುವುದು ಸರ್ಫ್ಯಾಕ್ಟಂಟ್ ಎಂಬ ಗುಂಪಿನ ರಾಸಾಯನಿಕಗಳು. ಇವುಗಳ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆ ನೀರಿಗೆ ಅಂಟಿಕೊಳ್ಳುತ್ತದೆ, ಬಾಲ ಎಣ್ಣೆಗೆ ಅಂಟಿಕೊಳ್ಳುತ್ತದೆ. ಸಂತೆಯ ದಲ್ಲಾಳಿಯಂತೆ ಒಂದು ಕೈ ಈ ಕಡೆ, ಒಂದು ಕೈ ಆ ಕಡೆ. ಕೂದಲಿನ ಜಿಡ್ಡಿನ ಸುತ್ತ ಇಂಥ ನೂರಾರು ಅಣುಗಳು ಬಾಲ ಒಳಗೆ, ತಲೆ ಹೊರಗೆ ಮಾಡಿ ಮುತ್ತಿಕೊಂಡಾಗ ಜಿಡ್ಡು ಚಿಕ್ಕ ಚಿಕ್ಕ ಉಂಡೆಯಾಗಿ ನೀರಿನ ಜೊತೆ ಹರಿದುಹೋಗುತ್ತದೆ.

ಹೆಚ್ಚಿನ ಶಾಂಪೂಗಳಲ್ಲಿ ಮುಖ್ಯ ಸರ್ಫ್ಯಾಕ್ಟಂಟ್ ಸೋಡಿಯಂ ಲಾರೆತ್ ಸಲ್ಫೇಟ್. ಇದು ಸುಮಾರು ಶೇ 8ರಿಂದ 15ರಷ್ಟು ಇರುತ್ತದೆ. ಅದರ ಉರಿಯನ್ನು ತಗ್ಗಿಸಿ ನೊರೆಯನ್ನು ಗಟ್ಟಿಮಾಡಲು ಕೊಕಮಿಡೊಪ್ರೊಪಿಲ್ ಬೀಟೇನ್ ಎಂಬ ಇನ್ನೊಂದನ್ನು ಶೇ 2ರಿಂದ 5ರಷ್ಟು ಸೇರಿಸುತ್ತಾರೆ. ಶಾಂಪೂ ಮಂದವಾಗಿರುವುದು ಕಂಡು ‘ಸತ್ವ ಜಾಸ್ತಿ’ ಎಂದುಕೊಳ್ಳುವವರು ಗಮನಿಸಬೇಕಾದ ಸಂಗತಿ: ಆ ಮಂದತನ ತರುವುದು ಬಹಳ ಸಲ ಬರೀ ಅಡುಗೆ ಉಪ್ಪು. ಶೇ 1–2ರಷ್ಟು ಉಪ್ಪು ಹಾಕಿದರೆ ನೀರಿನಂಥ ದ್ರಾವಣ ಜೇನಿನಂತಾಗುತ್ತದೆ. ಅಳತೆ ಮೀರಿ ಹಾಕಿದರೆ ಮತ್ತೆ ತೆಳ್ಳಗಾಗುತ್ತದೆ. ಮುತ್ತಿನ ಹೊಳಪು ಕೊಡಲು ಗ್ಲೈಕಾಲ್ ಡೈಸ್ಟಿಯರೇಟ್, ಕೂದಲು ಜಾರುವಂತೆ ಮಾಡಲು ಸಿಲಿಕೋನ್ ಇಲ್ಲವೇ ಗೋರಿಕಾಯಿ (ಗೌರ್) ಬೀಜದಿಂದ ತಯಾರಿಸಿದ ಅಂಟು, ಬೂಸ್ಟು ಹಿಡಿಯದಂತೆ ಸಂರಕ್ಷಕ, ಹುಳಿತನ ಸರಿಪಡಿಸಲು ಸಿಟ್ರಿಕ್ ಆಮ್ಲ, ಬಣ್ಣ, ಸುವಾಸನೆ. ಇವೆಲ್ಲ ಸೇರಿದರೂ ಬಾಟಲಿಯ ಸಣ್ಣ ಪಾಲು. ಜಾಹೀರಾತಿನ ಬಾದಾಮಿ, ನೆಲ್ಲಿಕಾಯಿ, ಭೃಂಗರಾಜಗಳು ಇರುವುದೂ ಸಾಮಾನ್ಯವಾಗಿ ಈ ಸಣ್ಣ ಪಾಲಿನಲ್ಲೇ.

ಹಾಗಾದರೆ ಸೋಪಿಗೂ ಇದಕ್ಕೂ ಏನು ವ್ಯತ್ಯಾಸ? ಸೋಪು ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ಆಗುವಂಥದ್ದು. ಅದರ ಪಿಎಚ್ (ಹುಳಿ–ಕ್ಷಾರದ ಅಳತೆ) 9–10, ಅಂದರೆ ಕ್ಷಾರ. ಕೂದಲಿಗೆ ಹಿತವಾದದ್ದು 5–6. ಅದಕ್ಕಿಂತ ದೊಡ್ಡ ತೊಂದರೆ ಗಡಸು ನೀರಿನದು. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬೂದು ಬಣ್ಣದ ಪದರ ಅದೇ. ಕೂದಲ ಮೇಲೂ ಅದೇ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲ ಇಲ್ಲದಿದ್ದರೆ 600ರ ವರೆಗೆ ಅನುಮತಿ. ಬಯಲುಸೀಮೆಯ ಅನೇಕ ಊರುಗಳ ಆಳ ಬೋರ್‌ವೆಲ್‌ಗಳಲ್ಲಿ ಈ ಮೇಲಿನ ಗೆರೆಯ ಹತ್ತಿರದ ನೀರೇ ಸಿಗುವುದು. ಅಲ್ಲಿ ಸೋಪಿನಿಂದ ತಲೆ ತೊಳೆದರೆ ಕೂದಲು ಅಂಟಂಟಾಗುವುದು, ಈ ಗಸಿ ಕಟ್ಟದ ಶಾಂಪೂವಿನಿಂದ ಹಾಗಾಗದಿರುವುದು ಇದೇ ಕಾರಣಕ್ಕೆ.

ಜಗತ್ತು ಶಾಂಪೂಗೆ ಒಗ್ಗಿಕೊಂಡದ್ದು

ವಾರಕ್ಕೆ ಮೂರು ಸಲ, ದಿನಕ್ಕೊಂದು ಸಲ ತಲೆ ತೊಳೆಯುವುದು ತೀರಾ ಈಚಿನ ರೂಢಿ. 1908ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಸಲಹಾ ಬರಹವೊಂದು, ಕೂದಲು ಚೆನ್ನಾಗಿದ್ದರೆ ತಿಂಗಳಿಗೋ ಆರು ವಾರಕ್ಕೋ ಒಮ್ಮೆ ತೊಳೆದರೆ ಸಾಕು ಎಂದಿತ್ತು. ಬರ್ಲಿನ್‌ನಲ್ಲಿ ಔಷಧದ ಅಂಗಡಿ ಇಟ್ಟಿದ್ದ ಹಾನ್ಸ್ ಶ್ವಾರ್ಜ್‌ಕಾಫ್ 1903ರಲ್ಲಿ ನೀರಿಗೆ ಬೆರೆಸುವ ಪುಡಿ ಶಾಂಪೂ ಮಾರಾಟಕ್ಕೆ ಇಳಿಸಿದ್ದರು. ಸೋಪಲ್ಲದ, ಕೃತಕ ಡಿಟರ್ಜೆಂಟ್‌ನಿಂದ ಮಾಡಿದ ಶಾಂಪೂ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1934ರಲ್ಲಿ, ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ‘ಡ್ರೀನ್’ ಹೆಸರಿನಲ್ಲಿ. ಅಲ್ಲಿಂದ ಮುಂದೆ ಮನೆಮನೆಗೆ ನಲ್ಲಿ, ನಲ್ಲಿಗೆ ಬಿಸಿನೀರು, ಬಚ್ಚಲಿಗೆ ಶವರ್ ಬಂದಂತೆ ತಲೆ ತೊಳೆಯುವ ಸಲವೂ ಏರಿತು. ಜಪಾನಿನಲ್ಲಿ 1980ರ ದಶಕದಲ್ಲಿ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ತಲೆ ತೊಳೆಯುವುದೇ ಒಂದು ಹುಚ್ಚಾಗಿ, ಅದಕ್ಕೆಂದೇ ಕೈಶವರ್ ಇರುವ ವಾಶ್‌ಬೇಸಿನ್‌ಗಳು ಬಂದವು.

ನಮ್ಮಲ್ಲಿ ಬದಲಾವಣೆ ತಂದದ್ದು ಶವರ್ ಅಲ್ಲ, ಪ್ಯಾಕೆಟ್. ಅದಕ್ಕೆ ಮುಂದೆ ಬರೋಣ.

ನೊರೆಯ ವಿಷಯದಲ್ಲಿ ಜಗತ್ತು ಒಮ್ಮೆ ಪೆಟ್ಟು ತಿಂದು ಕಲಿತಿದೆ ಎಂಬುದು ಇಲ್ಲಿ ನೆನಪಿಡಬೇಕಾದದ್ದು. 1950ರ ದಶಕದಲ್ಲಿ ಯುರೋಪ್, ಅಮೆರಿಕಗಳ ನದಿಗಳ ಮೇಲೆ ನೊರೆಯ ಗುಡ್ಡಗಳು ಎದ್ದಿದ್ದವು. ಆಗಿನ ಬಟ್ಟೆ ತೊಳೆಯುವ ಡಿಟರ್ಜೆಂಟ್‌ನ ಅಣುವಿನ ಬಾಲ ಕವಲೊಡೆದದ್ದಾಗಿತ್ತು. ನೀರಿನ ಬ್ಯಾಕ್ಟೀರಿಯಾ ಅಂಥ ಬಾಲವನ್ನು ತುದಿಯಿಂದ ತಿನ್ನುತ್ತಾ ಬಂದು ಕವಲು ಸಿಕ್ಕಲ್ಲಿ ನಿಂತುಬಿಡುತ್ತಿತ್ತು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿ 1964ರಿಂದ ಜಾರಿಗೆ ತಂದಿತು. ಅಮೆರಿಕದ ಉದ್ಯಮ 1965ರ ಹೊತ್ತಿಗೆ ನೇರ ಬಾಲದ ಅಣುವಿಗೆ ಬದಲಾಯಿತು. ನದಿಗಳ ನೊರೆ ಇಳಿಯಿತು. ಇಂದಿನ ಶಾಂಪೂವಿನ ಲಾರೆತ್ ಸಲ್ಫೇಟ್‌ಗೂ ನೇರ ಬಾಲವೇ ಇದೆ.

ಬಚ್ಚಲಿನಿಂದ ಮುಂದೆ

ನೇರ ಬಾಲವಿದೆ ಎಂದರೆ ಬ್ಯಾಕ್ಟೀರಿಯಾಗಳು ಇದನ್ನು ತಿಂದು ಮುಗಿಸಬಲ್ಲವು. ಆದರೆ ಅದಕ್ಕೆ ಮೂರು ಬೇಕು: ಸಾಕಷ್ಟು ಬ್ಯಾಕ್ಟೀರಿಯಾ, ಗಾಳಿ, ಸಮಯ. ಕೊಳಚೆ ನೀರು ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿಯಲ್ಲಿ ಈ ಮೂರನ್ನೂ ಕೃತಕವಾಗಿ ಒದಗಿಸುತ್ತಾರೆ. ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ತುಂಬಿದ ಕೆಸರು, ತಳದಿಂದ ಗಂಟೆಗಟ್ಟಲೆ ಊದುವ ಗಾಳಿ. ಸರಿಯಾಗಿ ನಡೆಯುವ ಘಟಕದಲ್ಲಿ ಈ ಬಗೆಯ ಸರ್ಫ್ಯಾಕ್ಟಂಟ್‌ನ ಶೇ 95ಕ್ಕಿಂತ ಹೆಚ್ಚು ಭಾಗ ಅಲ್ಲೇ ಮುಗಿಯುತ್ತದೆ. ಲೇಬಲ್ ಮೇಲೆ ‘ಬಯೋಡಿಗ್ರೇಡೆಬಲ್’ ಎಂದು ಬರೆಯಲು ಅನುಸರಿಸುವ ಪರೀಕ್ಷೆಯಲ್ಲೂ ಗಾಳಿಯಾಡುವ, ಬ್ಯಾಕ್ಟೀರಿಯಾ ಇರುವ ನೀರಿನಲ್ಲಿ 28 ದಿನಗಳ ಅವಧಿ ಕೊಟ್ಟಿರುತ್ತಾರೆ. ಸ್ನಾನಘಟ್ಟದ ಮೆಟ್ಟಿಲಿನಿಂದ ಎರಡು ಮಾರು ಕೆಳಗಿರುವ ಮೀನಿಗೆ 28 ದಿನ ಕಾಯುವ ಸೌಲಭ್ಯ ಇರುವುದಿಲ್ಲ.

ನಮ್ಮ ದೇಶದಲ್ಲಿ ಬಚ್ಚಲ ನೀರು ಘಟಕ ತಲುಪುವುದೇ ಅಪರೂಪ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿ ಪ್ರಕಾರ ಭಾರತದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ನಿಜವಾಗಿ ಶುದ್ಧವಾಗುತ್ತಿದ್ದದ್ದು 20,236 ದಶಲಕ್ಷ ಲೀಟರ್. ನೂರು ಬಿಂದಿಗೆಗೆ ಇಪ್ಪತ್ತೆಂಟು. ಇದು ನಗರಗಳ ಮಾತು. ಹಳ್ಳಿಯಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆ, ಕೆಸುವಿನ ಬುಡಕ್ಕೆ ಹೋದರೆ ಅದು ಒಂದು ರೀತಿಯಲ್ಲಿ ಅದೃಷ್ಟವೇ. ಮಣ್ಣು ಬ್ಯಾಕ್ಟೀರಿಯಾಗಳ ಆಗರ, ಗಾಳಿಯೂ ಇದೆ. ರಸ್ತೆ ಬದಿಯ ಕಾಂಕ್ರೀಟ್ ಚರಂಡಿಗೆ ಬಿದ್ದರೆ ಮಾತ್ರ ಹಾಗೇ ಜಾರಿಕೊಂಡು ಕೆರೆಗೆ ಸೇರುತ್ತದೆ.

ಸ್ನಾನಘಟ್ಟದ ಲೆಕ್ಕ

ಈಗ ಒಂದು ಪ್ಯಾಕೆಟ್ಟನ್ನೇ ಹಿಡಿದು ಲೆಕ್ಕ ಹಾಕೋಣ. 6 ಮಿಲಿಲೀಟರ್ ಶಾಂಪೂ, ಅದರಲ್ಲಿ ಶೇ 12 ಸಲ್ಫೇಟ್ ಸರ್ಫ್ಯಾಕ್ಟಂಟ್ ಎಂದಿಟ್ಟುಕೊಂಡರೆ ಸುಮಾರು 0.7 ಗ್ರಾಂ.

ಲಾರೆತ್ ಸಲ್ಫೇಟ್ ಲೀಟರಿಗೆ 7 ಮಿಲಿಗ್ರಾಂ ಆಸುಪಾಸು ಇರುವ ನೀರಿನಲ್ಲಿ ಮೀನುಗಳನ್ನು 96 ಗಂಟೆ ಬಿಟ್ಟರೆ ಅರ್ಧದಷ್ಟು ಸಾಯುತ್ತವೆ ಎಂಬುದು ಪ್ರಯೋಗಾಲಯದ ಪರೀಕ್ಷೆಗಳಿಂದ ಗೊತ್ತಿರುವ ಅಂಶ. 0.7 ಗ್ರಾಂ ಎಂದರೆ 100 ಲೀಟರ್ ನೀರನ್ನು, ಒಂದು ಸಣ್ಣ ಡ್ರಮ್ಮನ್ನು, ಆ ಮಟ್ಟಕ್ಕೆ ತರುವಷ್ಟು. ಸಾಯಿಸುವ ಬಗೆಯೂ ಸರಳ. ಕೂದಲಿನ ಜಿಡ್ಡು ತೆಗೆಯುವ ಅಣುವೇ ಕಿವಿರಿನ ಮೇಲಿನ ಲೋಳೆಯನ್ನೂ ಜೀವಕೋಶದ ಕೊಬ್ಬಿನ ಪೊರೆಯನ್ನೂ ಸಡಿಲಿಸುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ. ಮೊಟ್ಟೆಯಿಂದ ಆಗತಾನೇ ಹೊರಬಂದ ಮರಿಗಳು ದೊಡ್ಡ ಮೀನಿಗಿಂತ ಸೂಕ್ಷ್ಮ.

ಕುಡಿಯುವ ನೀರಿಗೆ ಗೆರೆ ಇನ್ನೂ ಕೆಳಗಿದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಈ ಜಾತಿಯ ಡಿಟರ್ಜೆಂಟ್ ಲೀಟರಿಗೆ 0.2 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1 ಮಿಲಿಗ್ರಾಂ. ಆ 0.2ರ ಲೆಕ್ಕದಲ್ಲಿ ಒಂದು ಪ್ಯಾಕೆಟ್ 3,500 ಲೀಟರ್ ನೀರಿಗೆ ಸಾಕು.

ಒಂದು ದಿನ ಒಂದು ಘಟ್ಟದಲ್ಲಿ 10,000 ಜನ ಒಂದೊಂದು ಪ್ಯಾಕೆಟ್ ಹಚ್ಚಿಕೊಂಡು ಮುಳುಗಿದರು ಎನ್ನೋಣ. ಒಟ್ಟು 7 ಕಿಲೋ ಸರ್ಫ್ಯಾಕ್ಟಂಟ್. ಹೊಳೆ ಸೆಕೆಂಡಿಗೆ 400 ಲೀಟರಿನಂತೆ ಹರಿಯುತ್ತಿದ್ದರೆ ಇಡೀ ದಿನದ ಸರಾಸರಿ ಸರಿಯಾಗಿ 0.2ಕ್ಕೆ ಬಂದು ನಿಲ್ಲುತ್ತದೆ. ಆದರೆ ಜನ 24 ಗಂಟೆಗೆ ಹಂಚಿಕೊಂಡು ಮೀಯುವುದಿಲ್ಲ. ಬೆಳಗಿನ ಹೊತ್ತಿನ ಐದು ತಾಸುಗಳಲ್ಲೇ ಎಲ್ಲ ಮುಗಿದರೆ ಆ ಹೊತ್ತಿನ ನೀರಿನಲ್ಲಿ ಅದು 1 ಮಿಲಿಗ್ರಾಂ ಮುಟ್ಟುತ್ತದೆ. ಅದೂ ಹೊಳೆಯ ನೀರೆಲ್ಲ ಚೆನ್ನಾಗಿ ಕಲಸಿಕೊಂಡರೆ. ದಡದ ಪಕ್ಕದಲ್ಲಿ, ಮೆಟ್ಟಿಲ ಬುಡದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ಮಳೆಗಾಲದ ನೇತ್ರಾವತಿಯಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಲೀಟರ್ ನೀರು ಇಳಿಯುವಾಗ ಈ 7 ಕಿಲೋ ಎಲ್ಲಿ ಹೋಯಿತೆಂದೂ ತಿಳಿಯುವುದಿಲ್ಲ. ಅದೇ ನದಿ ಬೇಸಿಗೆಯಲ್ಲಿ ಬೇರೆಯೇ. 2019ರ ಮೇ ತಿಂಗಳಲ್ಲಿ ನೀರಿನ ಕೊರತೆಯಿಂದ ಯಾತ್ರೆ ಮುಂದೂಡುವಂತೆ ಧರ್ಮಸ್ಥಳ ಕ್ಷೇತ್ರದಿಂದಲೇ ಭಕ್ತರಿಗೆ ವಿನಂತಿ ಹೋಗಿತ್ತು. ಸುಬ್ರಹ್ಮಣ್ಯದ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ, ಕೆಳಗೆ ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಕುಡಿಯುವ ನೀರು ಹೋಗುತ್ತದೆ. ಕಲ್ಯಾಣಿ, ಪುಷ್ಕರಣಿಗಳ ಕಥೆ ಇನ್ನೂ ಕಷ್ಟ. ಅಲ್ಲಿ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ, ನಾಳೆ ಬೀಳುವುದು ಇಂದಿನದರ ಮೇಲೆ ಕೂಡುತ್ತಾ ಹೋಗುತ್ತದೆ.

ಅಂಗಡಿಯನ್ನು 500 ಮೀಟರ್ ದೂರ ಸರಿಸುವ ಸೂಚನೆ ಹಿಡಿಯಲು ಹೊರಟದ್ದು ಈ ಒಂದು ಜಾಗವನ್ನು. ಊರಿನ ಕೊಳಚೆ ನದಿಗೆ ಸೇರುವುದು ಅದರಿಂದ ನಿಲ್ಲುವುದಿಲ್ಲ. ಬ್ಯಾಗಿನಲ್ಲಿ ಮನೆಯಿಂದಲೇ ತಂದ ಪ್ಯಾಕೆಟ್ಟೂ ನಿಲ್ಲುವುದಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತು ನೇರವಾಗಿ ನೀರಿಗೇ ಸುರಿಯುವ ಶಾಂಪೂವಿಗೆ ಎಸ್‌ಟಿಪಿಯೂ ಇಲ್ಲ, ಮಣ್ಣೂ ಇಲ್ಲ ಎಂಬುದು ಅಷ್ಟೇ ನಿಜ.

ಬೆಳ್ಳಂದೂರಿನ ನೊರೆ ಶಾಂಪೂವಿನದೇ?

ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೊರೆ 2015ರ ಸುಮಾರಿಗೆ ದೇಶದೆಲ್ಲೆಡೆ ಸುದ್ದಿಯಾಯಿತು. ರಸ್ತೆಗೆ ಹಾರಿಬಂದು ಬೈಕ್ ಸವಾರರ ಮುಖಕ್ಕೆ ಬಡಿಯುತ್ತಿದ್ದ ಆ ನೊರೆಯಲ್ಲಿ ಶಾಂಪೂವಿನ ಪಾಲು ಇದ್ದರೂ ಮುಖ್ಯ ಪಾಲು ಬಟ್ಟೆ, ಪಾತ್ರೆ ತೊಳೆಯುವ ಡಿಟರ್ಜೆಂಟ್‌ನದು. ತೂಕದ ಲೆಕ್ಕದಲ್ಲಿ ಯಾವುದೇ ಮನೆಯಲ್ಲಿ ಬಟ್ಟೆ ಪುಡಿಯ ಮುಂದೆ ಶಾಂಪೂ ಸಣ್ಣದು.

ಆದರೆ ನೊರೆ ಏಳುವ ಬಗೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪತ್ತೆ ಮಾಡಿದ್ದು ನೋಡುವಂತಿದೆ. ಕೆರೆಗೆ ಬಂದ ಕೊಳಚೆ ನೀರು ಹೊರಗೆ ಹೋಗಲು 10–15 ದಿನ ಹಿಡಿಯುತ್ತದೆ. ಅಷ್ಟರಲ್ಲಿ ಸರ್ಫ್ಯಾಕ್ಟಂಟ್ ಕರಗಿಹೋಗುತ್ತದೆ ಎಂದುಕೊಂಡರೆ ಹಾಗಾಗುವುದಿಲ್ಲ. ಆಮ್ಲಜನಕ ಇಲ್ಲದ ನೀರಿನಲ್ಲಿ ಅದು ತಳದ ಹೂಳಿಗೆ ಅಂಟಿಕೊಂಡು ವರ್ಷಗಟ್ಟಲೆ ಕೂಡಿಕೊಳ್ಳುತ್ತದೆ. ಜೋರು ಮಳೆ ಬಂದಾಗ ನೀರು ಹೂಳನ್ನು ಕದಡಿ, ಅಂಟಿದ್ದನ್ನು ಬಿಡಿಸಿ, ಕೋಡಿಯಿಂದ ಎತ್ತರದಿಂದ ಧುಮುಕುತ್ತದೆ. ಧುಮುಕುವಾಗ ಗಾಳಿ ಸೇರಿ ನೊರೆ. ಕೊಳಚೆಯ ಬ್ಯಾಕ್ಟೀರಿಯಾಗಳೂ ಸಣ್ಣ ಕಣಗಳೂ ಗುಳ್ಳೆಯ ಗೋಡೆಗೆ ಸೇರಿ ಅದು ಬೇಗ ಒಡೆಯದಂತೆ ಮಾಡುತ್ತವೆ. ಮಳೆ ಬಂದರೆ ಕೊಳೆ ತೊಳೆದುಹೋಗಬೇಕು, ನೊರೆ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಉತ್ತರ ಇದು.

ಈ ನೀರು ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಗಡಿ ದಾಟಿ ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲೂ ನೊರೆ ಏಳುವ ಸುದ್ದಿ ಆಗಾಗ ಬರುತ್ತದೆ. ಶುದ್ಧೀಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾದ 2018ರಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ವಿಷಯ ಹೈಕೋರ್ಟ್ ಮೆಟ್ಟಿಲೇರಿತ್ತು. ಬೆಂಗಳೂರಿನ ಬಚ್ಚಲಿನ ಪ್ರಶ್ನೆ ಬೆಂಗಳೂರಿನಲ್ಲೇ ಮುಗಿಯುವುದಿಲ್ಲ.

ಸ್ಯಾಶೆ: ಚಿಕ್ಕದು, ಆದರೆ ಮೂರು ಪದರ

ಬಾಟಲಿ ಕೊಳ್ಳಲಾಗದವರಿಗೂ ಶಾಂಪೂ ತಲುಪಿಸಿದ್ದು ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ರೂಢಿಗೆ ತಂದ ಸ್ಯಾಶೆ, ಅಂದರೆ ಒಂದು ಸಲಕ್ಕಾಗುವ ಚಿಕ್ಕ ಪ್ಯಾಕೆಟ್. 1980ರ ದಶಕದಲ್ಲಿ ಅವರ ಮಕ್ಕಳ ವೆಲ್ವೆಟ್, ಚಿಕ್ ಬ್ರ್ಯಾಂಡ್‌ಗಳು ಅದನ್ನು ದಕ್ಷಿಣದ ಹಳ್ಳಿಹಳ್ಳಿಯ ಗೂಡಂಗಡಿಗೆ ಒಯ್ದವು. ದಿನಗೂಲಿಯವರ ಕೈಯಲ್ಲಿ ಒಮ್ಮೆಗೆ ಇನ್ನೂರು ರೂಪಾಯಿ ಇರುವುದಿಲ್ಲ, ಎರಡು ರೂಪಾಯಿ ಇರುತ್ತದೆ. ಆ ಸತ್ಯವನ್ನು ಬದಿಗಿಟ್ಟು ‘ಪ್ಯಾಕೆಟ್ ಬಿಡಿ, ಬಾಟಲಿ ಕೊಳ್ಳಿ’ ಎನ್ನುವುದು ಸುಲಭದ ಉಪದೇಶ.

ಸ್ಯಾಶೆಯ ತೊಂದರೆ ಪ್ಲಾಸ್ಟಿಕ್ಕಿನ ತೂಕದಲ್ಲಿ ಇದೆ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ತೂಗಿ ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ಖಾಲಿ ಪ್ಯಾಕೆಟ್ ಅರ್ಧ ಗ್ರಾಮಿನಿಂದ ಮುಕ್ಕಾಲು ಗ್ರಾಂ ತೂಗುತ್ತದೆ. 340 ಮಿಲಿಲೀಟರ್ ಬಾಟಲಿಯಷ್ಟು ಶಾಂಪೂಗೆ 57 ಪ್ಯಾಕೆಟ್ ಬೇಕು, ಅಂದರೆ ಸುಮಾರು 28ರಿಂದ 43 ಗ್ರಾಂ. ಬಾಟಲಿಯೂ ಮುಚ್ಚಳವೂ ಸೇರಿ ಹೆಚ್ಚುಕಡಿಮೆ ಅಷ್ಟೇ ತೂಗುತ್ತವೆ. ವ್ಯತ್ಯಾಸ ಇರುವುದು ಮುಂದೆ ಏನಾಗುತ್ತದೆ ಎಂಬುದರಲ್ಲಿ. ಬಾಟಲಿ ಒಂದೇ ಬಗೆಯ ಪ್ಲಾಸ್ಟಿಕ್, ಗುಜರಿಯವನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ. ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ: ಹೊರಗೆ ಮುದ್ರಣ ಹೊತ್ತ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಲೇಪಿಸಿದ ಪದರ, ಒಳಗೆ ಶಾಖಕ್ಕೆ ಅಂಟಿಕೊಳ್ಳುವ ಪಾಲಿಥಿನ್. ಬೆಳ್ಳಿ ಪದರ ಸುವಾಸನೆ ಹಾರಿಹೋಗದಂತೆ, ಒಳಗಿನ ತೇವ ಆರದಂತೆ ತಡೆಯಲು. ಮೂರೂ ಬೇರೆ ಬೇರೆ ಉಷ್ಣತೆಯಲ್ಲಿ ಕರಗುವುದರಿಂದ, ಬಿಡಿಸಲು ಬಾರದಂತೆ ಅಂಟಿರುವುದರಿಂದ ಮರುಬಳಕೆ ಹೆಚ್ಚುಕಡಿಮೆ ಆಗದ ಮಾತು. ಚಿಂದಿ ಆಯುವವರು ಒಂದು ಕಿಲೋ ತುಂಬಿಸಲು ಸಾವಿರದೈನೂರು ಪ್ಯಾಕೆಟ್ ಹೆಕ್ಕಬೇಕು, ಕೊಳ್ಳುವವರು ಮಾತ್ರ ಸಿಗುವುದಿಲ್ಲ. ಹಾಗಾಗಿ ಅದು ಬಿದ್ದಲ್ಲೇ ಬಿದ್ದಿರುತ್ತದೆ. ಸಂಗ್ರಹವಾದದ್ದರಲ್ಲಿ ಒಂದಷ್ಟು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ.

ಕಾನೂನಿನ ವಿಷಯ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗುಟ್ಕಾ, ತಂಬಾಕು, ಪಾನ್ ಮಸಾಲಾಗೆ ಪ್ಲಾಸ್ಟಿಕ್ ಸ್ಯಾಶೆ ನಿಷೇಧಿಸಿವೆ. 2022ರ ಜುಲೈ 1ರಂದು ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಶಾಂಪೂ ಸ್ಯಾಶೆ ಇಲ್ಲ. ಅದರ ಬದಲು, ಮಾರುಕಟ್ಟೆಗೆ ಬಿಟ್ಟಷ್ಟು ಬಹುಪದರದ ಪ್ಲಾಸ್ಟಿಕ್ಕಿಗೆ ವಿಲೇವಾರಿಯ ಹೊಣೆ ಕಂಪನಿಯದೇ ಎಂಬ ನಿಯಮವಿದೆ. ಶ್ರೀಲಂಕಾ 2021ರ ಮಾರ್ಚ್ 31ರಿಂದ ಆಹಾರ, ಔಷಧ ಬಿಟ್ಟು 20 ಮಿಲಿಲೀಟರ್ ಅಥವಾ ಅದಕ್ಕಿಂತ ಚಿಕ್ಕ ಸ್ಯಾಶೆಗಳನ್ನು ನಿಷೇಧಿಸಿತು. ನಮ್ಮಂತೆಯೇ ಚಿಲ್ಲರೆ ಅಂಗಡಿಯ ನಾಡಾದ ಫಿಲಿಪ್ಪೀನ್ಸ್‌ನಲ್ಲಿ ಎಲ್ಲ ಬಗೆಯ ಸ್ಯಾಶೆ ಸೇರಿ ದಿನಕ್ಕೆ ಸುಮಾರು 16 ಕೋಟಿ ಬಳಕೆಯಾಗುತ್ತವೆ ಎಂದು 2019ರ ಒಂದು ಅಂದಾಜು. ಜಪಾನಿನಲ್ಲಿ ಬಾಟಲಿ ಇಟ್ಟುಕೊಂಡು ತೆಳು ಚೀಲದ ರೀಫಿಲ್ ತಂದು ತುಂಬಿಸುವುದೇ ಹೆಚ್ಚಿನವರ ರೂಢಿ. ಆ ಚೀಲವೂ ಬಹುಪದರದ್ದೇ, ಆದರೆ ಬಾಟಲಿಗಿಂತ ಪ್ಲಾಸ್ಟಿಕ್ ಬಹಳ ಕಡಿಮೆ.

ಬಿಸಿನೀರಿನ ಲೆಕ್ಕ

ಶಾಂಪೂವಿನ ಇಡೀ ಬದುಕನ್ನು, ಅದಕ್ಕೆ ಬೇಕಾದ ಎಣ್ಣೆ ಬೆಳೆಯುವ ತೋಟದಿಂದ ಚರಂಡಿಯ ವರೆಗೆ, ಅಳೆದ ಅಧ್ಯಯನಗಳಲ್ಲಿ ಇಂಗಾಲದ ಲೆಕ್ಕದ ಅತಿ ದೊಡ್ಡ ಪಾಲು ಬರುವುದು ಶಾಂಪೂವಿನಿಂದಲೂ ಅಲ್ಲ, ಬಾಟಲಿಯಿಂದಲೂ ಅಲ್ಲ. ತಲೆ ತೊಳೆಯಲು ಕಾಯಿಸಿದ ನೀರಿನಿಂದ. 22 ಡಿಗ್ರಿಯ 20 ಲೀಟರ್ ನೀರನ್ನು 40 ಡಿಗ್ರಿಗೆ ತರಲು ಸುಮಾರು 0.42 ಯೂನಿಟ್ ವಿದ್ಯುತ್ ಬೇಕು. ನಮ್ಮ ಗ್ರಿಡ್‌ನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಬಕೆಟ್ಟಿಗೆ 300 ಗ್ರಾಂ. ನಿಮಿಷಕ್ಕೆ 9 ಲೀಟರ್ ಬಿಡುವ ಶವರ್ ಕೆಳಗೆ ಹತ್ತು ನಿಮಿಷ ನಿಂತರೆ 90 ಲೀಟರ್, 1.9 ಯೂನಿಟ್, 1.3 ಕಿಲೋ. ಬಕೆಟ್ ಮತ್ತು ಚೊಂಬು ಈ ವಿಷಯದಲ್ಲಿ ಯಾವ ಹೊಸ ತಂತ್ರಜ್ಞಾನಕ್ಕೂ ಸೋಲುವುದಿಲ್ಲ. ಚಾವಣಿಯ ಸೋಲಾರ್ ಹೀಟರ್ ಇದ್ದವರಿಗೆ ಈ ಲೆಕ್ಕವೇ ಬೇಕಿಲ್ಲ.

ಲೇಬಲ್ ಓದುವಾಗ

ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಶೇ 1ಕ್ಕಿಂತ ಕಡಿಮೆಯವನ್ನು ಹೇಗಾದರೂ ಬರೆಯಬಹುದು. ಸುವಾಸನೆ, ಸಂರಕ್ಷಕಗಳ ಹೆಸರು ಕಂಡಲ್ಲಿಂದ ಕೆಳಗಿರುವ ಗಿಡಮೂಲಿಕೆಗಳು ಶೇ 1ಕ್ಕಿಂತ ಕಡಿಮೆ ಎಂದು ಬಹುಮಟ್ಟಿಗೆ ಊಹಿಸಬಹುದು.

‘ಸಲ್ಫೇಟ್ ಫ್ರೀ’ ಎಂಬುದು ತಲೆಯ ಚರ್ಮಕ್ಕೆ ಹಿತವಾದೀತು. ಹೊಳೆಗೆ ಅದರಿಂದ ದೊಡ್ಡ ಲಾಭವಿಲ್ಲ, ಏಕೆಂದರೆ ಬದಲಿಗೆ ಹಾಕುವುದೂ ಸರ್ಫ್ಯಾಕ್ಟಂಟ್ಟೇ. ಎರಡಕ್ಕೂ ಮೂಲ ಕೊಬ್ಬರಿ ಎಣ್ಣೆ ಇಲ್ಲವೇ ತಾಳೆಬೀಜದ ಎಣ್ಣೆ. ಜಗತ್ತಿನ ತಾಳೆ ಎಣ್ಣೆಯ ಶೇ 80ಕ್ಕೂ ಹೆಚ್ಚು ಬರುವುದು ಇಂಡೊನೇಷ್ಯಾ, ಮಲೇಷ್ಯಾಗಳಿಂದ, ಅಲ್ಲಿ ಮಳೆಕಾಡು ಕಡಿದು ತೋಟ ಮಾಡಿದ ಇತಿಹಾಸ ದೊಡ್ಡದು.

ನಿಜವಾಗಿ ಕಣ್ಣಿಡಬೇಕಾದ ಹೆಸರುಗಳು ಎರಡು. ಒಂದು, ಸೈಕ್ಲೊಪೆಂಟಾಸಿಲೊಕ್ಸೇನ್, ಸೈಕ್ಲೊಟೆಟ್ರಾಸಿಲೊಕ್ಸೇನ್ ಎಂಬ ಉಂಗುರಾಕಾರದ ಸಿಲಿಕೋನ್‌ಗಳು. ಬ್ಯಾಕ್ಟೀರಿಯಾ ಇವನ್ನು ಸುಲಭಕ್ಕೆ ತಿನ್ನವು, ಜಲಜೀವಿಗಳ ಮೈಯಲ್ಲಿ ಕೂಡಿಕೊಳ್ಳುತ್ತವೆ. ತೊಳೆದು ಬಿಡುವ ಪ್ರಸಾಧನಗಳಲ್ಲಿ ಇವು ಶೇ 0.1 ಅಥವಾ ಅದಕ್ಕಿಂತ ಹೆಚ್ಚು ಇರಬಾರದೆಂದು ಯುರೋಪಿಯನ್ ಒಕ್ಕೂಟ 2020ರಿಂದ ನಿರ್ಬಂಧಿಸಿದೆ. ಇನ್ನೊಂದು, ತಲೆಹೊಟ್ಟಿನ ಶಾಂಪೂವಿನ ಜಿಂಕ್ ಪೈರಿಥಿಯೋನ್. ಶಿಲೀಂಧ್ರ ಕೊಲ್ಲುವ ಇದು ಜಲಜೀವಿಗಳಿಗೂ ತೀವ್ರ ವಿಷ. 2022ರ ಮಾರ್ಚ್‌ನಿಂದ ಯುರೋಪಿಯನ್ ಒಕ್ಕೂಟದ ಪ್ರಸಾಧನಗಳಲ್ಲಿ ಇದಕ್ಕೆ ನಿಷೇಧವಿದೆ, ಆದರೆ ಅಲ್ಲಿ ಕಾರಣ ನೀರಲ್ಲ, ಪ್ರಜನನ ಆರೋಗ್ಯದ ಮೇಲಿನ ಪರಿಣಾಮದ ವರ್ಗೀಕರಣ. ಭಾರತದಲ್ಲಿ ಮಾರಾಟವಿದೆ. ಹೊಟ್ಟು ಇದ್ದವರು ವೈದ್ಯರು ಹೇಳಿದಷ್ಟು ಬಳಸಲಿ, ಇಲ್ಲದವರು ಮುಂಜಾಗ್ರತೆಗೆಂದು ಬಳಸುವ ಅಗತ್ಯವಿಲ್ಲ.

ಕಡಿಮೆಯಲ್ಲಿ ತೊಳೆಯುವ ಕ್ರಮ

ಶಾಂಪೂ ಪೋಲಾಗುವುದು ಹೆಚ್ಚಾಗಿ ಎಣ್ಣೆ ಹಚ್ಚಿದ ದಿನ. ಎಣ್ಣೆ ನೊರೆಯನ್ನು ಕೊಲ್ಲುತ್ತದೆ. ನೊರೆ ಬರಲಿಲ್ಲವೆಂದು ಎರಡನೆಯ ಪ್ಯಾಕೆಟ್ ಒಡೆಯುತ್ತಾರೆ. ಅದರ ಬದಲು ಮೊದಲು ಕಡಲೆಹಿಟ್ಟಿನಿಂದಲೋ ಸೀಗೆಪುಡಿಯಿಂದಲೋ ಎಣ್ಣೆ ಇಳಿಸಿ, ಆಮೇಲೆ ಶಾಂಪೂ ಹಾಕಿದರೆ ಅರ್ಧ ಪ್ಯಾಕೆಟ್ ಸಾಕಾಗುತ್ತದೆ. ಕೂದಲನ್ನು ಒಂದು ನಿಮಿಷ ಚೆನ್ನಾಗಿ ನೆನೆಸಿ. ಭುಜದವರೆಗಿನ ಕೂದಲಿಗೆ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ, ಸಾಕು. ಅದನ್ನು ಚೊಂಬಿನಲ್ಲಿ 100 ಮಿಲಿಲೀಟರ್ ನೀರಿಗೆ ಕದಡಿ ತಲೆಯ ಬುಡಕ್ಕೆ ಹಾಕಿ. ನೇರ ಹಚ್ಚಿದರೆ ಒಂದೇ ಕಡೆ ಉಳಿದು, ತೊಳೆಯಲು ಎರಡು ಚೊಂಬು ನೀರು ಹೆಚ್ಚು ಬೇಕಾಗುತ್ತದೆ. ಕೂದಲ ತುದಿಗೆ ಬೇರೆ ಹಚ್ಚಬೇಕಿಲ್ಲ, ಇಳಿಯುವ ನೊರೆಯೇ ಸಾಕು. ಕದಡಿದ್ದನ್ನು ಬಾಟಲಿಯಲ್ಲಿ ತುಂಬಿಡಬೇಡಿ. ನೀರು ಬೆರೆತಾಗ ಸಂರಕ್ಷಕವೂ ತೆಳುವಾಗಿ ಕೆಲ ದಿನಗಳಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಶಾಂಪೂ ಬಾರ್ ಕೊಳ್ಳುವವರು ಎರಡು ಬಗೆ ಇರುವುದನ್ನು ಗಮನಿಸಬೇಕು. ‘ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್’ ಎಂದು ಮೊದಲಿಗೆ ಬರೆದಿದ್ದರೆ ಅದು ನಿಜವಾದ ಶಾಂಪೂ. ‘ಸೋಡಿಯಂ ಕೊಕೊಯೇಟ್’, ‘ಸಪೋನಿಫೈಡ್ ಆಯಿಲ್’ ಎಂದಿದ್ದರೆ ಅದು ಸೋಪು. ಬೋರ್‌ವೆಲ್ ನೀರಿನ ಊರಿನಲ್ಲಿ ಎರಡನೆಯದು ಕೂದಲನ್ನು ಮೇಣ ಮೆತ್ತಿದಂತೆ ಮಾಡುತ್ತದೆ. ಆಗಿಹೋದರೆ ಅರ್ಧ ನಿಂಬೆಹಣ್ಣಿನ ರಸವನ್ನು ಒಂದು ಚೊಂಬು ನೀರಿಗೆ ಹಿಂಡಿ ಕೊನೆಯಲ್ಲಿ ಎರೆದುಕೊಂಡರೆ ಗಸಿ ಬಿಡುತ್ತದೆ.

ಸೀಗೆಕಾಯಿ, ಅಂಟುವಾಳದಲ್ಲಿ ಕೊಳೆ ತೆಗೆಯುವುದು ಸಪೋನಿನ್ ಎಂಬ ಸಸ್ಯಜನ್ಯ ಸರ್ಫ್ಯಾಕ್ಟಂಟ್. ಪ್ಯಾಕೆಟ್ಟಿನ ಗೋಜಿಲ್ಲ, ಮಣ್ಣಿನಲ್ಲಿ ಬೇಗ ಕರಗುತ್ತದೆ. ಆದರೆ ‘ನೈಸರ್ಗಿಕ, ಹಾಗಾಗಿ ಹೊಳೆಯಲ್ಲೇ ತೊಳೆಯಬಹುದು’ ಎನ್ನುವಂತಿಲ್ಲ. ಸಪೋನಿನ್ ಕೂಡ ಮೀನಿನ ಕಿವಿರಿಗೆ ವಿಷ. ಕಾರೆಕಾಯಿ ಅರೆದು ಹಳ್ಳದ ಮಡುವಿಗೆ ಕದಡಿ ಮೀನು ಮೇಲೇಳಿಸುವ ಹಳೆಯ ಪದ್ಧತಿ ನಡೆಯುತ್ತಿದ್ದದ್ದೇ ಸಪೋನಿನ್ ಬಲದಿಂದ.

ಹೊಳೆ, ಕೆರೆಗಳ ಬಳಿ ತಲೆ ತೊಳೆಯಲೇಬೇಕಾದರೆ ಬಕೆಟ್ಟಿನಲ್ಲಿ ನೀರು ಒಯ್ದು, ದಡದಿಂದ ಕನಿಷ್ಠ 60 ಮೀಟರ್ ಆಚೆ, ಮಣ್ಣಿರುವ ಜಾಗದಲ್ಲಿ ತೊಳೆದುಕೊಳ್ಳಬೇಕು. ಬಂಡೆ, ಕಾಂಕ್ರೀಟ್ ಮೇಲೆ ಸುರಿದರೆ ನೀರು ಹಾಗೇ ಹೊಳೆಗೆ ವಾಪಸಾಗುತ್ತದೆ. ಮೀಯುವ ಶಾಸ್ತ್ರಕ್ಕೆ ಆಮೇಲೆ ಸೋಪು, ಶಾಂಪೂ ಇಲ್ಲದೆ ಮುಳುಗಿದರಾಯಿತು. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಹರಿದು ತೆಗೆಯದೆ ತುಸು ಉಳಿಸಿ ಬಾಗಿಸಿ. ಉಗುರಿನಷ್ಟು ಚೂರು ಮೆಟ್ಟಿಲ ಸಂದಿಗೆ ಬಿದ್ದರೆ ಪೊರಕೆಗೂ ಸಿಗುವುದಿಲ್ಲ. ಖಾಲಿಯಾದದ್ದನ್ನು ಜೇಬಿಗೆ ಹಾಕಿಕೊಂಡು ಬಂದು ಒಣಕಸದ ಜೊತೆ ಕೊಡಿ.